ಸ್ಟೂಲಿನ ಮೇಲಿನ ಪೆಡಲು

ನನ್ನ ಬಲಗೈಯ ನಡುಬೆರಳು ಅರ್ಧ ಉಗುರಿನಷ್ಟು ಗಿಡ್ಡ. ಆಳಂದದಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ, ಸುಟ್ಟ ಪಂಪ್‌ಸೆಟ್ಟುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ಹರೆಯದಲ್ಲಿ ಒಂದು ದಿನ ಯಾರೊಂದಿಗೋ ಹರಟುತ್ತಾ ತಿರುಗುವ ಬೆಲ್ಟಿನ ಹತ್ತಿರ ಕೈ ಒಯ್ದೆ, ಅದು ತನಗೆ ಬೇಕಾದಷ್ಟು ತೆಗೆದುಕೊಂಡಿತು. ಊಟಕ್ಕೆ, ಬರವಣಿಗೆಗೆ, ಜಗಳಕ್ಕೆ ಆ ಬೆರಳಿನಿಂದ ಏನೂ ಅಡ್ಡಿಯಿಲ್ಲ. ಬಾಸ್ ಗಿಟಾರಿಗೆ ಮಾತ್ರ ಅಡ್ಡಿ.

ಬಾಸ್ ಗಿಟಾರಿನ ನಾಲ್ಕು ದಪ್ಪ ತಂತಿಗಳನ್ನು ತೋರುಬೆರಳು, ನಡುಬೆರಳು ಒಂದಾದ ಮೇಲೊಂದು ಮೀಟಬೇಕು. ನನ್ನ ತೋರುಬೆರಳು ಧಂ ಅಂದರೆ ನಡುಬೆರಳು ಬರೀ ಹೂಂ ಅನ್ನುತ್ತಿತ್ತು. ಹಾಗೆಯೇ ಇಪ್ಪತ್ತು ವರ್ಷ ನುಡಿಸಿದೆ. ಮದುವೆ, ಬಸುರಿಯ ಕುಬಸ, ತೊಟ್ಟಿಲು, ಬೀಳ್ಕೊಡುಗೆ ಎಂದು ಆಳಂದ, ಅಫಜಲಪುರ, ಜೇವರ್ಗಿ ಸುತ್ತುವ ನಮ್ಮ ನಾಲ್ಕು ಮಂದಿಯ ತಂಡದಲ್ಲಿ ಬಾಸ್ ಎಂಬುದೊಂದು ಇದೆ ಎಂದು ಗಮನಿಸುವವರೇ ಕಡಿಮೆ. ಗಮನಿಸಿದವನು ಒಬ್ಬ ಸೌಂಡ್ ಆಪರೇಟರ್. ಒಂದು ಮದುವೆಯಲ್ಲಿ ಎಲ್ಲರೆದುರು ಅಂದುಬಿಟ್ಟ: "ದಾದಾ, ನಿಮ್ಮ ಒಂದು ಪೆಟ್ಟು ಬಿದ್ರ ಸ್ಪೀಕರ್ ಹರಿಯಂಗ ಆಗತದ, ಇನ್ನೊಂದು ಪೆಟ್ಟು ಹುಡುಕ್ಯಾಡಬೇಕು. ನೀವೊಬ್ಬರೇ ಬಾರಸ್ತೀರೋ, ಇಬ್ಬರು ಕೂಡಿ ಬಾರಸ್ತೀರೋ?"

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಅವನಿಗೆ ನಾನು ಅಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಆದರೆ ಅವನು ಹೇಳಿದ್ದು ಖರೆ ಇತ್ತು, ಅದಕ್ಕೇ ಅಷ್ಟು ಉರಿಯಿತು. ಕಾರ್ಯಕ್ರಮ ಮುಗಿದ ಮೇಲೆ ಅವನೇ ಚಹಾ ತಂದುಕೊಟ್ಟು, "ಕಂಪ್ರೆಸರ್ ಪೆಡಲ್ ಅಂತ ಬರತದ್ರಿ, ಒಂದು ತಗೋರಿ," ಎಂದ.

ಕಂಪ್ರೆಸರ್ ಎಂದರೆ ನನಗೆ ಗೊತ್ತಿದ್ದದ್ದು ಫ್ರಿಜ್ಜಿನ ಹಿಂದೆ ಇರುವುದು. ಇದು ಬೇರೆ. ಗಿಟಾರಿಗೂ ಅದರ ಸ್ಪೀಕರ್ ಬಾಕ್ಸಿಗೂ ನಡುವೆ ಕೂರುವ, ಅಂಗೈಯಷ್ಟು ಅಗಲದ ಲೋಹದ ಡಬ್ಬಿ. ಜೋರಾಗಿ ಬಂದ ಪೆಟ್ಟನ್ನು ಅದು ಒತ್ತಿ ತಗ್ಗಿಸುತ್ತದೆ. ಆಮೇಲೆ ಒಟ್ಟು ಧ್ವನಿಯನ್ನು ಏರಿಸಿಕೊಂಡರೆ ಮೆಲ್ಲಗಿನ ಪೆಟ್ಟೂ ಮೇಲೆ ಬರುತ್ತದೆ, ಎಲ್ಲವೂ ಒಂದೇ ಮಟ್ಟವಾಗುತ್ತದೆ. ಡಬ್ಬಿಯ ಮೇಲೆ ಕಾಲಿನಿಂದ ತುಳಿಯುವ ಒಂದು ಗುಂಡಿ. ಒಮ್ಮೆ ತುಳಿದರೆ ಚಾಲು, ಇನ್ನೊಮ್ಮೆ ತುಳಿದರೆ ಬಂದ್.

ಸೊಲ್ಲಾಪುರಕ್ಕೆ ಹೋದೆ. ಅಲ್ಲಿನ ಅಂಗಡಿಯವನ ಹತ್ತಿರ ಮೂರು ಬಗೆಯವು ಇದ್ದವು. ಒಂದಕ್ಕೆ ಒಂದೇ ನಾಬ್. "ಹೇ ಘ್ಯಾ ದಾದಾ, ಎಕದಮ್ ಸೋಪಂ," ಇದು ಬಹಳ ಸುಲಭ ಎಂದು ಅವನು ಅದನ್ನೇ ಮುಂದಕ್ಕೆ ತಳ್ಳಿದ. ಒಳಗೆ ಏನು ನಡೆದಿದೆ ಎಂದು ಹೇಳದ ಯಂತ್ರ ನನಗೆ ಸೇರುವುದಿಲ್ಲ, ಬೇಡ ಎಂದೆ. ಎರಡನೆಯದು ಸಾದಾ ಗಿಟಾರಿನದು. ಅದನ್ನು ಹಚ್ಚಿ ದಪ್ಪ ತಂತಿ ಮೀಟಿದರೆ ತಳದ ಗುಂಗು ಎಲ್ಲಿ ಹೋಯಿತೋ, ಖಾಲಿ ಡಬ್ಬಿ ಬಡಿದ ಸದ್ದು. ಮೂರನೆಯದು ಬಾಸಿಗೆಂದೇ ಮಾಡಿದ್ದು, ಐದು ನಾಬಿನದು, ಜೊತೆಗೆ ಒಂದು ಸಣ್ಣ ದೀಪ. ಒತ್ತುವಾಗ ದೀಪ ಕೆಂಪು, ಸುಮ್ಮನಿದ್ದಾಗ ಹಸಿರು. ಟೆಸ್ಟ್ ಲ್ಯಾಂಪು ಹಿಡಿದು ಹೊಟ್ಟೆ ಹೊರೆದವನು ನಾನು. ದೀಪ ನೋಡಿದ್ದೇ ಸೋತೆ, ಅದನ್ನೇ ಕಟ್ಟಿಸಿಕೊಂಡೆ.

ಅಂಗಡಿಯ ಶಟರ್ ಅರ್ಧ ಎಳೆದು ಹೆಡ್‌ಫೋನ್ ಹಾಕಿಕೊಂಡು ಕುಳಿತೆ. ಎಷ್ಟು ಜೋರಿನ ಪೆಟ್ಟಿನಿಂದ ಒತ್ತಬೇಕು ಎನ್ನುವುದಕ್ಕೆ ಒಂದು ನಾಬ್, ಎಷ್ಟು ಒತ್ತಬೇಕು ಎನ್ನುವುದಕ್ಕೆ ಒಂದು. ಅಟ್ಯಾಕ್ ಎಂಬ ಮೂರನೆಯದು, ಪೆಟ್ಟು ಬಿದ್ದ ಎಷ್ಟು ಹೊತ್ತಿಗೆ ಒತ್ತಲು ಶುರು ಮಾಡಬೇಕು ಎನ್ನುವುದಕ್ಕೆ. ರಿಲೀಸ್ ಎಂಬುದು, ಒತ್ತಿದ್ದನ್ನು ಯಾವಾಗ ಬಿಡಬೇಕು ಎನ್ನುವುದಕ್ಕೆ. ಕೊನೆಯದು ಬರೀ ಧ್ವನಿ. ನಾನು ಹಿಂದೆ ಮುಂದೆ ನೋಡದೆ ಎಲ್ಲವನ್ನೂ ಕಡೆಯ ತನಕ ತಿರುಗಿಸಿದೆ. ಮೆಲ್ಲಗಿನ ಪೆಟ್ಟನ್ನೂ ಹಿಡಿ, ಪೂರಾ ಒತ್ತು, ಬಿದ್ದ ಕ್ಷಣವೇ ಒತ್ತು. ಎರಡು ಬೆರಳೂ ಅವಳಿ ಮಕ್ಕಳಾದವು. ಯಾವುದು ಗಿಡ್ಡ, ಯಾವುದು ಉದ್ದ, ನನಗೇ ತಿಳಿಯಲಿಲ್ಲ. ಖುಷಿಗೆ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಯಾರ ಕೈಯೂ ಮುಟ್ಟಿ ಕೆಡಿಸಬಾರದೆಂದು ಐದೂ ನಾಬಿನ ಮೇಲೆ ಕರಿ ಇನ್ಸುಲೇಶನ್ ಟೇಪು ಸುತ್ತಿಬಿಟ್ಟೆ.

ತಂಡದಲ್ಲಿ ಕೀಬೋರ್ಡ್ ನುಡಿಸುವವರು ಒಬ್ಬ ಮಾಸ್ತರು. ಕಾರ್ಯಕ್ರಮ ಹಿಡಿಯುವವರೂ ಅವರೇ, ಬೈಯುವವರೂ ಅವರೇ. ಢೋಲಕ್ ಜೇವರ್ಗಿಯ ಚಾಚಾನದು. ಹಾಡುವವರು ಅಕ್ಕ. ಅರವತ್ತು ದಾಟಿದವರು, ಹಗಲೆಲ್ಲ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಸಂಜೆಗೆ ಪ್ರಾಕ್ಟೀಸಿಗೆ ಬರುವವರು. ದನಿ ಮಾತ್ರ ಕಂಚು. ವೇದಿಕೆ ಹತ್ತುವ ಮೊದಲು ಚಪ್ಪಲಿ ಕೆಳಗೆ ಬಿಟ್ಟು, ಹಲಗೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಬರಿಗಾಲಲ್ಲೇ ನಿಂತು ಹಾಡುವುದು ಅವರ ಪದ್ಧತಿ. ವಾದ್ಯಕ್ಕೆ ಯಾರ ಕಾಲು ತಾಗಿದರೂ ಸಹಿಸುವವರಲ್ಲ. ಒಮ್ಮೆ ಶಾಮಿಯಾನದ ಆಳು ಢೋಲಕ್ ದಾಟಿ ಹೋದನೆಂದು, ಅವನು ಬಂದು ಢೋಲಕ್ಕಿಗೆ ಹಣೆ ಹಚ್ಚುವ ತನಕ ಬಾಯೇ ಬಿಡಲಿಲ್ಲ. ಮದುಮಗ, ಬೀಗರು, ಮೈಕು, ಎಲ್ಲ ಕಾಯಬೇಕಾಯಿತು.

ಇಂಥವರ ಮುಂದೆ ನಾನು ಹೊಸ ಪೆಡಲು ನೆಲದ ಮೇಲಿಟ್ಟು ಠೀವಿಯಿಂದ ಪಟ್ ಎಂದು ತುಳಿದೆ.

"ಇದೇನಲೇ ತಮ್ಮಾ? ಬಾರಸೋ ಸಾಮಾನಿಗಿ ಕಾಲ ಹಚ್ಚತೀ?" ಅಕ್ಕನ ದನಿ ಚಾವಣಿಗೆ ಬಡಿಯಿತು.

"ಅಕ್ಕಾ, ಇದು ತುಳಿಯಾಕೇ ಮಾಡಿದ್ದು."

"ಮಾಡಿದಾವ ಮಾಡಿರ್ಲಿ. ನೀ ತುಳಿಬ್ಯಾಡ."

ಮಾಸ್ತರು ನಗುತ್ತಾ ಕೀಬೋರ್ಡಿನ ಮೇಲೆ ಬಗ್ಗಿದರು. ಚಾಚಾ ನನ್ನ ಕಡೆ ಬಂದಾನು ಎಂದುಕೊಂಡರೆ ಅವನೂ, "ಅಕ್ಕಾ ಅಂದಿದ್ದು ಸಹಿ ಅದ ಭಾಯ್. ಸಾಜ್ ಕೂ ಪಾಂವ್ ನಕ್ಕೊ," ಎಂದ. ವಾದ್ಯಕ್ಕೆ ಕಾಲು ಬೇಡ. ಆಯಿತಲ್ಲ, ಇಬ್ಬರೂ ಒಂದಾದರು. ಅಂದಿನಿಂದ ನನ್ನ ಪೆಡಲು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತಿತು. ಕಾಲಿಗೆಂದು ಮಾಡಿದ ಬಿಗಿ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಉಗುರು ನೀಲಿಯಾಯಿತು. ಆಯುಧಪೂಜೆಗೆ ಅಕ್ಕ ಅದಕ್ಕೆ ಕುಂಕುಮ ಬೇರೆ ಹಚ್ಚಿದರು. ಜಗತ್ತಿನಲ್ಲಿ ಇನ್ನೆಲ್ಲೂ ಆ ಪೆಡಲಿಗೆ ಇಂಥ ಮರ್ಯಾದೆ ಸಿಕ್ಕಿರಲಿಕ್ಕಿಲ್ಲ.

ಪೆಡಲು ಹಚ್ಚಿದ ಮೊದಲ ಕಾರ್ಯಕ್ರಮ ಹಿರೋಳ್ಳಿಯ ಮದುವೆ. ಎಣ್ಣೆಯ ಖಾಲಿ ಡ್ರಮ್ಮುಗಳ ಮೇಲೆ ಹಲಗೆ ಹಾಸಿದ ವೇದಿಕೆ, ಮಟಮಟ ಮಧ್ಯಾಹ್ನ. ನನ್ನ ದೀಪ ಕೆಂಪಗೆ ಉರಿಯುತ್ತಿತ್ತು, ಬಾಸ್ ರೋಲರ್ ಹೊಡೆದ ರಸ್ತೆಯ ಹಾಗೆ ಸಪಾಟು. ನಾನು ಎದೆ ಉಬ್ಬಿಸಿಕೊಂಡು ನುಡಿಸುತ್ತಿದ್ದೆ. ಎರಡನೆಯ ಹಾಡಿನಲ್ಲಿ ಅಕ್ಕ ಪಲ್ಲವಿ ಎತ್ತುವುದನ್ನು ತಪ್ಪಿದರು. ತಾಳದ ಮೊದಲ ಪೆಟ್ಟು ಬಿದ್ದುಹೋದ ಮೇಲೆ, ಎರಡು ಮಾತ್ರೆ ತಡವಾಗಿ ಬಂದರು. ಮಾಸ್ತರು ಹೇಗೋ ಸುತ್ತಿಸಿ ಕೂಡಿಸಿದರು. ನಾಲ್ಕನೆಯ ಹಾಡಿನಲ್ಲಿ ಮತ್ತೆ ತಪ್ಪಿದರು, ಈ ಸಲ ಮೊದಲೇ ಬಂದರು. ಇಷ್ಟು ವರ್ಷದಲ್ಲಿ ಹೀಗಾದದ್ದನ್ನು ನಾನು ಕಂಡಿರಲಿಲ್ಲ.

ವಾಪಸು ಬರುವಾಗ ಟೆಂಪೋದಲ್ಲಿ ಅಕ್ಕ ಮುಂದೆ ಕುಳಿತಿದ್ದರು. ಹಿಂದೆ ಮಾಸ್ತರು ಮೆಲ್ಲಗೆ ಅಂದರು: "ಅಕ್ಕಾಗ ವಯಸ್ಸಾತು. ಮರೀಯಾಕತ್ಯಾರ. ಇನ್ನೆರಡು ಊರಿನ ಕಾರ್ಯಕ್ರಮ ನೋಡ್ತೇನಿ, ಯಡ್ರಾಮಿದು, ಸೊನ್ನದ್ದು. ಹಿಂಗೇ ಆದ್ರ, ಕಲಬುರ್ಗ್ಯಾಗ ಹಾಡೋ ಹುಡುಗಿ ಒಬ್ಬಾಕಿ ಅದಾಳ, ಆಕಿಗಿ ಹೇಳಿಬಿಡ್ತೇನಿ."

ಚಾಚಾ ಬೀಡಿ ಹಚ್ಚಿಕೊಂಡು ಹೊರಗೆ ನೋಡಿದ. ನಾನೂ ತಲೆ ಅಲ್ಲಾಡಿಸಿದೆ. ಸತ್ಯ ಹೇಳಬೇಕೆಂದರೆ, ನನ್ನ ಸಪಾಟು ಬಾಸಿನ ನಡುವೆ ಇವರು ಎಡವಿದರಲ್ಲ ಎಂದು ನನಗೂ ಒಳಗೆ ಸಿಟ್ಟಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಯಡ್ರಾಮಿಯ ಕುಬಸಕ್ಕೆ ಹೋದಾಗ ಪೆಡಲಿನ ಅಡಾಪ್ಟರ್ ಅಂಗಡಿಯಲ್ಲೇ ಮರೆತಿದ್ದೆ. ಕರೆಂಟಿಲ್ಲದೆ ಪೆಡಲು ಕಲ್ಲು. ಬೇರೆ ದಾರಿಯಿಲ್ಲದೆ ಗಿಟಾರನ್ನು ನೇರ ಬಾಕ್ಸಿಗೆ ಚುಚ್ಚಿದೆ. ಅದೇ ಹಳೆಯ ಧಂ, ಹೂಂ. ನನ್ನ ಮುಖ ನೋಡುವ ಹಾಗಿರಲಿಲ್ಲ. ಆದರೆ ಅಕ್ಕ ಮೂರು ಹಾಡು ಕೂದಲೆಳೆಯಷ್ಟೂ ತಪ್ಪದೆ ಎತ್ತಿದರು. ಮಾಸ್ತರ ಮುಖ ಅರಳಿತು. ಅಷ್ಟರಲ್ಲಿ ಮೈಕಿನವರು ಎಲ್ಲಿಂದಲೋ ಅಡಾಪ್ಟರ್ ತಂದುಕೊಟ್ಟರು. ಪೆಡಲು ಹಚ್ಚಿದೆ, ದೀಪ ಬಂತು, ಮುಂದಿನ ಹಾಡಿನಲ್ಲೇ ಅಕ್ಕ ತಪ್ಪಿದರು.

ಮೋಟರ್ ಕೆಟ್ಟರೆ ಒಂದೊಂದೇ ತಂತಿ ಬಿಡಿಸಿ ನೋಡುವುದು ನಮ್ಮ ಕೆಲಸ. ಹಾಡು ನಡೆದಿರುವಾಗಲೇ, ಎರಡನೆಯ ಚರಣಕ್ಕೆ ಮುಂಚೆ, ಸ್ಟೂಲಿನ ಮೇಲೆ ಕೈ ಒಯ್ದು ಗುಂಡಿ ಒತ್ತಿ ಪೆಡಲು ಬಂದ್ ಮಾಡಿದೆ. ಅಕ್ಕ ಬರೋಬ್ಬರಿ ಬಂದರು. ಮೂರನೆಯ ಚರಣಕ್ಕೆ ಚಾಲು ಮಾಡಿದೆ. ಅಕ್ಕ ಬಾಯಿ ತೆರೆದು, ಕಾಯ್ದು, ತಡವಾಗಿ ಬಂದರು. ಬಂದ್ ಮಾಡಿದೆ, ಸರಿಯಾಯಿತು. ಅವರನ್ನು ನಾನು ಸ್ವಿಚ್ಚಿನ ಹಾಗೆ ಆಡಿಸುತ್ತಿದ್ದೇನೆ ಎನಿಸಿ ಗುಂಡಿಯಿಂದ ಕೈ ತೆಗೆದೆ. ಆ ದಿನ ಮತ್ತೆ ಪೆಡಲು ಮುಟ್ಟಲಿಲ್ಲ.

ಊಟಕ್ಕೆ ಕುಳಿತಾಗ ಅಕ್ಕನ ಪಕ್ಕ ಎಲೆ ಹಾಕಿಸಿಕೊಂಡು, ಪೆಡಲು ಹಚ್ಚಿದಾಗಲೇ ಯಾಕೆ ತಪ್ಪುತ್ತೀರಿ ಎಂದು ಕೇಳಿದೆ. ಕೇಳಿದ್ದು ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ, ಜೋರಾಗಿ ಕೇಳಿದೆ. ಅವರು ಆಚೆ ಈಚೆ ನೋಡಿ ಹೇಳಿದರು:

"ಕಿವಿ ಹೋಗ್ಯಾವೋ ತಮ್ಮಾ. ಎರಡು ವರ್ಸ ಆತು. ಸುರ್ ತಿಳೀತದ, ತಾಳ ಕಲಸಿ ಹೋಗತದ. ಪ್ರಾಕ್ಟೀಸಿನ ಖೋಲ್ಯಾಗ ಹ್ಯಾಂಗೋ ನಡೀತದ, ಸ್ಪೀಕರ್ ಮುಂದ ನಿಂತ್ರ ಎಲ್ಲಾ ಗದ್ದಲ."

"ಮತ್ತ ಹ್ಯಾಂಗ ಹಾಡ್ತೀರಿ?"

"ಕಾಲಲೆ. ನಿನ್ನ ಬಾಕ್ಸ್ ಹಲಗಿ ಮ್ಯಾಲ ಇರತದಲ್ಲ, ನೀ ಹೊಡದದ್ದು ಅಂಗಾಲಿಗಿ ಬರತದ. ನಿನ್ನ ದೊಡ್ಡ ಬೆರಳು ಒಂದು, ಗಿಡ್ಡ ಬೆರಳು ಒಂದು. ದೊಡ್ಡದು ಜೋರ್ ಬಿತ್ತಂದ್ರ ನಾ ಎತ್ತೂದು. ಈಗ ಆ ಡಬ್ಬಿ ತಂದಿ, ಎಲ್ಲಾ ಒಂದೇ ಆಗ್ಯಾವ. ಯಾವುದು ಮೊದಲು, ಯಾವುದು ಕಡಿ, ನನಗ ಹ್ಯಾಂಗ ತಿಳೀಬೇಕು?"

ಬರಿಗಾಲಲ್ಲಿ ನಿಲ್ಲುವುದು ಬರೀ ಭಕ್ತಿ ಎಂದುಕೊಂಡಿದ್ದೆವು. ನನ್ನ ಬೆರಳಿನ ಕುಂಟು ಯಾರಿಗೂ ತಿಳಿಯದಿರಲಿ ಎಂದು ನಾನು ಹೆಣಗಿದ್ದೆ, ಇವರು ಅದನ್ನೇ ಹಿಡಿದುಕೊಂಡು ಎರಡು ವರ್ಷದಿಂದ ಹಾಡುತ್ತಿದ್ದರು. ಕಿವಿಗೆ ಮಿಷಿನ್ ಹಾಕಿಕೊಳ್ಳಬಾರದೇ ಎಂದರೆ, "ಹಾಕ್ಕೊಂಡು ನೋಡೀನಿ. ಮೈಕಿನ ಮುಂದ ಕಿರ್ ಅಂತದ," ಎಂದರು. ಮಾಸ್ತರಿಗೆ ಹೇಳೋಣ ಎಂದೆ. ಅವರು ನನ್ನ ಮೊಣಕೈ ಹಿಡಿದರು.

"ಹೇಳಬ್ಯಾಡ. ಕಿವುಡಿನ ಯಾರು ಹಾಡಾಕ ಕರೀತಾರ? ರೊಟ್ಟಿ ಬಡದು ಹೊಟ್ಟಿ ತುಂಬತದ. ಹಾಡ ಬಿಟ್ರ ನಾ ಯಾರಲೇ?"

ಪೆಡಲನ್ನು ಎತ್ತಿ ಒಳಗಿಟ್ಟುಬಿಡುತ್ತೇನೆ ಎಂದೆ. ಅದಕ್ಕೂ ಅವರು ಒಪ್ಪಲಿಲ್ಲ. "ಬಾಕ್ಸ್ ಹರೀತದಂತ ನಿನಗ ಮಂದಿ ನಗತಾರ. ಅದನ್ನೂ ನೋಡಬೇಕಲ್ಲ. ಡಬ್ಬಿ ತಿರುವಿದ್ರ ಸರಿ ಆಗಂಗಿಲ್ಲೇನು?" ಐದು ನಾಬಿನ ಮೇಲೂ ಟೇಪು ಸುತ್ತಿದವನಿಗೆ ಈ ಪ್ರಶ್ನೆ ತಾನಾಗಿ ಹೊಳೆದಿರಲಿಲ್ಲ.

ಮರುದಿನ ಮಧ್ಯಾಹ್ನ ಅಕ್ಕ ರೊಟ್ಟಿ ಕೊಟ್ಟು ಬರುವ ದಾರಿಯಲ್ಲಿ ಅಂಗಡಿಗೆ ಬಂದರು. ಎರಡು ಇಟ್ಟಿಗೆ ಜೋಡಿಯ ಮೇಲೆ ಉದ್ದನೆಯ ಹಲಗೆ ಹಾಸಿ, ಒಂದು ತುದಿಗೆ ಬಾಕ್ಸ್ ಇಟ್ಟೆ, ಇನ್ನೊಂದು ತುದಿಗೆ ಅಕ್ಕ ಚಪ್ಪಲಿ ಬಿಟ್ಟು ನಿಂತು ಗೋಡೆಗೆ ಮುಖ ಮಾಡಿದರು. ಮೊದಲ ಪೆಟ್ಟು ಕಾಲಿಗೆ ತಿಳಿದಾಗ ಬೆರಳೆತ್ತಬೇಕು ಎಂದು ಮಾತಾಯಿತು. ಟೇಪು ಕಿತ್ತೆ.

ಮೊದಲು, ಎಷ್ಟು ಒತ್ತಬೇಕು ಎಂಬುದನ್ನು ಅರ್ಧಕ್ಕೆ ಇಳಿಸಿದೆ. ಅಕ್ಕನ ಬೆರಳು ಏಳಲಿಲ್ಲ. ಜೋರಿನ ಪೆಟ್ಟನ್ನು ಮಾತ್ರ ಹಿಡಿ ಎಂದು ಇನ್ನೊಂದನ್ನು ಏರಿಸಿದೆ. ಒಮ್ಮೆ ಎದ್ದಿತು, ಎರಡು ಸಲ ತಪ್ಪು ಪೆಟ್ಟಿಗೆ ಎದ್ದಿತು. ನನಗೆ ತಲೆ ಕೆಟ್ಟು ಪೆಡಲಿಗೆ ಬಾಯಿಗೆ ಬಂದ ಹಾಗೆ ಬೈದೆ. ಅಕ್ಕನಿಗೆ ಅದು ಕೇಳಿಸದೆ ಹೋದದ್ದು ಒಳ್ಳೆಯದೇ ಆಯಿತು. ಆಮೇಲೆ ಅಟ್ಯಾಕ್ ಮೇಲೆ ಕೈ ಇಟ್ಟೆ. ಬಿದ್ದ ಕ್ಷಣವೇ ಒತ್ತಬೇಡ, ಸ್ವಲ್ಪ ತಡಿ, ಪೆಟ್ಟಿನ ತಲೆ ದಾಟಿ ಹೋಗಲಿ, ಆಮೇಲೆ ಬಾಲ ಹಿಡಿ ಎಂದು ಅದನ್ನು ನಿಧಾನದ ಕಡೆಗೆ ತಿರುಗಿಸುತ್ತಾ ಹೋದೆ. ಮುಕ್ಕಾಲು ಭಾಗ ಬಂದಾಗ ಅಕ್ಕನ ಬೆರಳು ಎದ್ದಿತು. ಮತ್ತೆ ಎದ್ದಿತು. ನಾನು ತಾಳ ಬದಲಿಸಿದೆ, ಬೇಕೆಂದೇ ತಡೆದು ಹೊಡೆದೆ. ಒಂದೂ ತಪ್ಪಲಿಲ್ಲ.

"ಹಾಂ, ಈಗ ಬಂತು ನೋಡು," ಎಂದು ಅವರು ಗೋಡೆಗೇ ಹೇಳಿದರು.

ರಿಲೀಸ್ ಉಳಿದಿತ್ತು. ಜಲದಿ ಓಡುವ ಹಾಡಿಗೆ, ಮುಂದಿನ ಪೆಟ್ಟು ಬರುವ ಮೊದಲೇ ಯಂತ್ರ ಕೈ ಬಿಟ್ಟಿರಬೇಕು, ಇಲ್ಲದಿದ್ದರೆ ಆ ಪೆಟ್ಟೂ ಅದರ ಕೈಯಡಿಯಲ್ಲೇ ಏಳುತ್ತದೆ. ಕೆಂಪು ದೀಪ ಪ್ರತಿ ಮೊದಲ ಪೆಟ್ಟಿಗೆ ಮುಂಚೆ ಹಸಿರಾಗುವ ಹಾಗೆ ನೋಡಿ ನಿಲ್ಲಿಸಿದೆ. ಈಗ ಸ್ಪೀಕರ್ ಹರಿಯುವಷ್ಟು ಜೋರಿಲ್ಲ, ಗಿಡ್ಡ ಬೆರಳೂ ಕೇಳುತ್ತದೆ, ಆದರೆ ದೊಡ್ಡದು ದೊಡ್ಡದೇ. ಮೋಟರಿಗೆ ಹಚ್ಚುವ ಕೆಂಪು ಬಣ್ಣದಿಂದ ನಾಬುಗಳಿಗೆ ಗುರುತು ಹಾಕಿದೆ. ಟೇಪು ಸುತ್ತಲಿಲ್ಲ.

ಸೊನ್ನದ ಕಾರ್ಯಕ್ರಮ ಒಂದು ಶಾಲೆಯಲ್ಲಿ, ನಿವೃತ್ತರಾಗುವ ಹೆಡ್‌ಮಾಸ್ತರರ ಬೀಳ್ಕೊಡುಗೆ. ಬೆಳಿಗ್ಗೆ ಹತ್ತಕ್ಕೆ ಟೆಂಪೋ ಇಳಿದು ವೇದಿಕೆ ನೋಡಿದೆ. ಸಿಮೆಂಟಿನ ಕಟ್ಟೆ. ಮೇಲೆ ಜಮಖಾನೆ. ಇಟ್ಟಿಗೆ, ಮಣ್ಣು ತುಂಬಿ ಕಟ್ಟಿದ ಅದರ ಮೇಲೆ ಆನೆ ಕುಣಿದರೂ ಆಚೆ ತುದಿಗೆ ತಿಳಿಯುವುದಿಲ್ಲ. ಈ ತನಕ ನಮಗೆ ಸಿಕ್ಕದ್ದೆಲ್ಲ ಹಲಗೆಯ ವೇದಿಕೆಯೇ. ನಾನು ಹಲಗೆಗಳಿಗೇ ಪೆಡಲು ಹೊಂದಿಸಿದ್ದೆ, ಹಲಗೆಯೇ ಇಲ್ಲದಿದ್ದರೆ ಏನೆಂದು ಯೋಚಿಸಿರಲಿಲ್ಲ. ಅಲ್ಲಿನ ಜವಾನನಿಗೆ ಹಲಗೆ ಕೇಳಿದರೆ, "ಬೆಂಚ್ ಆವ್ರಿ, ಅದರ ಮ್ಯಾಲ ಮಂದಿ ಕುಂತಾರ್ರಿ," ಎಂದ. ಅಕ್ಕ ಜಮಖಾನೆಯ ಅಂಚು ಸರಿಸಿ ಬರಿಗಾಲು ಊರಿದರು. ನಾನು ಒಂದು ಪೆಟ್ಟು ಹೊಡೆದೆ. ಅವರು ನನ್ನನ್ನು ನೋಡಿ ಮೆಲ್ಲಗೆ ತಲೆಯಾಡಿಸಿದರು, ಇಲ್ಲ ಎಂದು.

ಹಾರ, ಶಾಲು ಮುಗಿದು ನಮ್ಮ ಸರದಿ ಬಂತು. ಮಾಸ್ತರು ಮೊದಲ ಹಾಡಿನ ಆರಂಭ ನುಡಿಸಿದರು, ಚಾಚಾ ಅಕ್ಕನ ಬೆನ್ನ ಹಿಂದಿನಿಂದ ತಾಳ ಕೊಟ್ಟ, ನಾನು ಮೊದಲ ಪೆಟ್ಟು ಗುದ್ದಿದೆ. ಅಕ್ಕ ನಿಂತೇ ಇದ್ದರು. ಮಾಸ್ತರು ದವಡೆ ಬಿಗಿದು ಆರಂಭವನ್ನು ಇನ್ನೊಂದು ಸುತ್ತು ತಿರುಗಿಸಿದರು. ಮತ್ತೆ ಮೊದಲ ಪೆಟ್ಟು. ಅಕ್ಕ ಮತ್ತೆ ನಿಂತೇ ಇದ್ದರು. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಮಾಸ್ತರು ನನ್ನ ಕಡೆ ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ, ಮುಗಿಯಿತು ಎಂಬ ತೀರ್ಮಾನವಿತ್ತು.

ಆಗ ಅಕ್ಕ ಮೈಕಿನ ಸ್ಟ್ಯಾಂಡ್ ಎತ್ತಿಕೊಂಡು ನನ್ನ ಕಡೆ ಮೂರು ಹೆಜ್ಜೆ ಬಂದರು. ನನ್ನ ಬಾಕ್ಸ್ ಎರಡು ಗೇಣು ಎತ್ತರದ್ದು. ಬಾಗಿ ಅದನ್ನು ಅಂಗೈಯಿಂದ ಮುಟ್ಟಿದರು. ಬಾಗಿಯೇ ನಿಂತರೆ ಹಾಡಲು ಉಸಿರು ಸಾಲದು, ಅದು ಅವರಿಗೂ ಗೊತ್ತು. ಮುಟ್ಟಿದ ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಸೀರೆಯ ನಿರಿಗೆ ಹಿಡಿದು, ಮೆಟ್ಟಿಲು ಏರುವವರ ಹಾಗೆ, ಬಲಗಾಲನ್ನು ನನ್ನ ಬಾಕ್ಸಿನ ಮೇಲೆ ಇಟ್ಟರು.

ಕೆಳಗೆ ಕುಳಿತವರಿಗೆ ಅದೇನೂ ಅಲ್ಲ. ಹೆಂಗಸಿಗೆ ಮೊಣಕಾಲು ನೋವು ಎಂದುಕೊಂಡಿರಬೇಕು. ಚಾಚಾನ ಕೈ ಮಾತ್ರ ಢೋಲಕ್ಕಿನ ಮೇಲೆ ಅರೆಗಳಿಗೆ ತಪ್ಪಿತು. ನಾನು ಮೊದಲ ಪೆಟ್ಟು ಹೊಡೆದೆ, ಪೆಡಲು ಅದರ ತಲೆಯನ್ನು ಬಿಟ್ಟುಕೊಟ್ಟಿತು, ಅಕ್ಕ ಎತ್ತಿದರು. ಆ ಕಂಚಿನ ದನಿ ಸಿಮೆಂಟಿನ ಗೋಡೆಗಳಿಗೆಲ್ಲ ಬಡಿದು ಬಂತು. ಹಾಡಿನ ಉದ್ದಕ್ಕೂ ಒಂದು ಕಡೆಯೂ ತಪ್ಪಲಿಲ್ಲ. ಮಾಸ್ತರು ಕೀಬೋರ್ಡ್ ನೋಡದೆ, ಆ ಕಾಲನ್ನೇ ನೋಡುತ್ತಾ ನುಡಿಸುತ್ತಿದ್ದರು.

ಹಾಡು ಮುಗಿದು ಚಪ್ಪಾಳೆ ಬಿತ್ತು. ಅಕ್ಕ ಕಾಲು ಇಳಿಸಿ, ಸೆರಗಿನಿಂದ ಬಾಕ್ಸಿನ ಮೇಲೆ ಕಾಲಿಟ್ಟ ಜಾಗವನ್ನು ಒರೆಸಿ, ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಚಾಚಾ ಹೊತ್ತು ಕಳೆಯಬಾರದೆಂದು ಮುಂದಿನ ಹಾಡಿನ ತಾಳ ಶುರು ಮಾಡಿದ.

ಮಾಸ್ತರು ಕೈ ಎತ್ತಿ ಅವನನ್ನು ನಿಲ್ಲಿಸಿದರು.

"ತಡೀರಿ ಚಾಚಾ," ಎಂದರು. "ಅಕ್ಕಾ ಕಾಲ ಇಡ್ಲಿ. ಆಮ್ಯಾಲ ಸುರು ಮಾಡೂಣು."